ಬೆಳಗಿನ ಶಿಫ್ಟಿನ ನಮಸ್ಕಾರ

ನಮ್ಮ ಮನೆಯ ಮೊಸರಿನ ಪಾತ್ರೆ ಈಗ ನೀಲಿ ಟೋಪಿ ಹಾಕಿಕೊಂಡು ಕೂರುತ್ತದೆ. ತೆಳ್ಳನೆಯ ಟೋಪಿ, ಅಂಚಿಗೆ ಎಲಾಸ್ಟಿಕ್. ಫ್ಯಾಕ್ಟರಿಯಲ್ಲಿ ದಿನಕ್ಕೊಂದು ಕೊಡುತ್ತಾರೆ. ಒಂದು ಕೂದಲೂ ಆಚೆ ಕಾಣದ ಹಾಗೆ ತಲೆಗೆ ಎಳೆದುಕೊಳ್ಳಬೇಕು, ಸಂಜೆ ಹೊರಡುವಾಗ ತೆಗೆದು ಬುಟ್ಟಿಗೆ ಹಾಕಬೇಕು. ಒಂದು ಸಂಜೆ ನಾನು ತೆಗೆಯುವುದನ್ನು ಮರೆತು, ಟೋಪಿ ಸಮೇತ ಬಸ್ಸಿನಲ್ಲಿ ಬಂದು, ಟೋಪಿ ಸಮೇತ ಊರ ಬೀದಿಯಲ್ಲಿ ನಡೆದು, ಟೋಪಿ ಸಮೇತ ಅಡುಗೆ ಮನೆಗೆ ಹೋದೆ. ದಾರಿಯಲ್ಲಿ ಎಲ್ಲರೂ ನನ್ನನ್ನೇ ತಿರುಗಿ ತಿರುಗಿ ನೋಡುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ಮುಖಕ್ಕೆ ಒಂದು ಕಳೆ ಬಂದಿರಬೇಕು ಎಂದುಕೊಂಡು ನಾನು ಇನ್ನಷ್ಟು ನೆಟ್ಟಗೆ ನಡೆದಿದ್ದೆ.

ನಮ್ಮತ್ತೆ ನೋಡಿದವರೇ, "ಇದೇನೇ ಪಾರ್ವತಿ, ತಲೆಗೆ ಕಡುಬಿನ ಬಟ್ಟೆ ಕಟ್ಕಂಡು ಬಂದೀಯ?" ಅಂದರು. ಆಮೇಲೆ ಅದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದರು, ಬಿಟ್ಟರು, ಮತ್ತೆ ಎಳೆದರು. ತೊಳೆದು ಒಣಗಿಸಿ ಮಾರನೆಯ ದಿನ ಮೊಸರಿನ ಪಾತ್ರೆಗೆ ತೊಡಿಸಿದರು. ಕೂಸಿನ ತಲೆಗೆ ಕುಲಾವಿ ಹಾಕಿದಷ್ಟು ಸರಿಯಾಗಿ ಕೂತಿತು. "ತಟ್ಟೆ ಮುಚ್ಚಿದ್ರೆ ಬೆಕ್ಕು ಉರುಳಿಸ್ತೈತೆ. ಇದು ಭೇಷಾಗೈತೆ. ಇನ್ನೆರಡು ತಂದುಬಿಡು" ಎಂದು ಆರ್ಡರ್ ಕೂಡ ಕೊಟ್ಟರು. ನಾನು ಈ ಕೆಲಸಕ್ಕೆ ಹೋಗುವುದನ್ನು ಅವರು ಮನಸಾರೆ ಒಪ್ಪಿಕೊಂಡದ್ದು ಅವತ್ತೇ ಎಂದು ನನ್ನ ಲೆಕ್ಕ.

ಅದಕ್ಕೆ ಮೊದಲು ಒಪ್ಪಿರಲಿಲ್ಲ. ನನಗೆ ನಲವತ್ತು ದಾಟಿದೆ. ರಾಮಗಿರಿಯ ಹತ್ತಿರದ ನಮ್ಮೂರಿನಲ್ಲಿ ನಲವತ್ತು ದಾಟಿದ ಹೆಂಗಸಿಗೆ ಹೊಸದಾಗಿ ಏನಾದರೂ ಶುರುವಾಗುವುದಿದ್ದರೆ ಅದು ಮಂಡಿನೋವು ಮಾತ್ರ. ಹಾಗಿರುವಾಗ ಹಾಲಿನ ಡೈರಿಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಹೊಸದುರ್ಗದ ಕಡೆ ಕೊಬ್ಬರಿ ಪುಡಿ ಮಾಡುವ ಫ್ಯಾಕ್ಟರಿಗೆ ಹೆಲ್ಪರುಗಳು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ, ಬಸ್ಸು ಮತ್ತು ಊಟ ಕಂಪನಿಯದೇ, ಅಂತ. ನನ್ನ ಕಣ್ಣು 'ಅನುಭವ ಬೇಕಿಲ್ಲ' ಎಂಬಲ್ಲೇ ನಿಂತುಬಿಟ್ಟಿತು. ನನ್ನ ಹತ್ತಿರ ಇಲ್ಲದ್ದನ್ನೇ ಯಾರೋ ಕೇಳಿಕೊಂಡು ಬಂದಿದ್ದು ಜೀವನದಲ್ಲಿ ಅದೇ ಮೊದಲು. ಪಕ್ಕದ ಮನೆಯ ಲಕ್ಷ್ಮೀದೇವಿಯನ್ನು ಕರೆದುಕೊಂಡು ಹೆಸರು ಕೊಟ್ಟೇ ಬಂದೆ.

ಸಂದರ್ಶನ ಅಂತ ಒಂದು ಮಾಡಿದರು ನೋಡಿ. ನಾನು ರಾತ್ರಿಯೆಲ್ಲ ಜಿಲ್ಲೆಯ ತಾಲ್ಲೂಕುಗಳ ಹೆಸರು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಾಲ್ಕು ಬರುತ್ತಿದ್ದವು, ಉಳಿದವಕ್ಕೆ ತಡವರಿಸುತ್ತಿದ್ದೆ. ಅಲ್ಲಿ ಕೂತಿದ್ದ ಕಾಂಟ್ರಾಕ್ಟರ್ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ.

"ದಿನಾ ಎಂಟು ಗಂಟೆ ನಿಂತ್ಕಂಡೇ ಕೆಲಸ ಮಾಡ್ಬೇಕು. ಆಗ್ತೈತಾ?"

"ಕುಂತ್ಕಂಡು ಮಾಡು ಅಂದ್ರೆ ಆಗಲ್ಲ ಸಾರ್. ನಿಂತ್ಕಂಡು ಮಾಡಾದು ಆಗ್ತೈತೆ" ಅಂದೆ.

ಅವರು ನಕ್ಕರು. ಕೆಲಸ ಸಿಕ್ಕಿತು. ತಾಲ್ಲೂಕುಗಳ ಹೆಸರು ಯಾರಿಗೂ ಬೇಕಾಗದೆ ನನ್ನಲ್ಲೇ ಉಳಿದವು.

ಮೊದಲ ದಿನ ಬಸ್ಸು ಬಂದದ್ದನ್ನು ಹೇಳಲೇಬೇಕು. ನಾನು ಅದುವರೆಗೆ ಬಸ್ಸಿಗೆ ಕಾದವಳೇ ಹೊರತು ಬಸ್ಸು ನನಗೆ ಕಾದದ್ದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಆಲದ ಮರದ ಹತ್ತಿರ ಬಿಳಿ ಬಸ್ಸು ನಿಂತು ಹಾರ್ನ್ ಹೊಡೆಯಿತು. ನಾನು ಇನ್ನೂ ಜಡೆ ಹಾಕುತ್ತಿದ್ದೆ. ಓಡಿ ಬಂದವಳನ್ನು ನೋಡಿ ಡ್ರೈವರು, "ನಿಧಾನಕ್ಕೆ ಬರ್ರಿ ಅಕ್ಕ, ಬಿಟ್ಟು ಹೋಗಲ್ಲ" ಅಂದ. ಹತ್ತಿ ಕಿಟಕಿಯ ಪಕ್ಕ ಕೂತಾಗ ಎಷ್ಟು ಖುಷಿಯಾಗಿತ್ತೆಂದರೆ, ಊಟದ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಶಾಲೆಗೆ ಹೊರಟ ಮಗುವಿನಂತೆ ಕೂತಿದ್ದೆ. ಊಟ ಕಂಪನಿಯದೇ ಎಂದು ಗೊತ್ತಿದ್ದೂ ಡಬ್ಬಿ ಕಟ್ಟಿದ್ದೆ. ಯಾರನ್ನೂ ಒಂದೇ ಸಲಕ್ಕೆ ನಂಬಬಾರದಲ್ಲ.

ಒಳಗೆ ಹೋಗುವ ಮುನ್ನ ಬಳೆ ತೆಗೆಯಬೇಕು, ಹೂವು ತೆಗೆಯಬೇಕು, ಹಣೆಗೆ ಅಂಟಿಸಿದ ಬಿಂದಿ ತೆಗೆಯಬೇಕು. ತಿನ್ನುವ ವಸ್ತುವಿಗೆ ಉದುರುತ್ತವೆ ಎಂಬ ಕಾರಣಕ್ಕೆ. ತಾಳಿಯನ್ನು ಕೋಟಿನೊಳಗೆ ಹಾಕಿಕೊಳ್ಳಬೇಕು. ಸಂಜೆ ಬರಿಗೈಯಲ್ಲಿ ಬಂದವಳನ್ನು ಕಂಡು ಅತ್ತೆ ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ, ಸಂಜೆ ಹಾಕಿಕೊಳ್ಳಲು ಅಂತ ತಾವೇ ಬಳೆಯ ಡಬ್ಬಿಯನ್ನು ಬಾಗಿಲ ಪಕ್ಕ ಇಟ್ಟರು. ಈಗ ನಾನು ಚಪ್ಪಲಿ ಬಿಟ್ಟ ಕೂಡಲೇ ಬಳೆ ಹಾಕಿಕೊಂಡೇ ಒಳಗೆ ಹೋಗುವುದು.

"ಸಂಬಳ ಎಷ್ಟವ್ವ?" ಇದು ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಚೆನ್ನಾಗಿದ್ದೀಯಾ ಎಂದು ಕೇಳುವವರಿಗಿಂತ ಇದನ್ನು ಕೇಳುವವರೇ ಹೆಚ್ಚು. ಹೆಲ್ಪರಿನ ಸಂಬಳ ಎದೆಯುಬ್ಬಿಸಿ ಹೇಳುವಂಥದ್ದೇನಲ್ಲ. ಕೇಳಿದವರ ಮುಖ ಮೊದಲು ಅರಳುತ್ತದೆ, ಆಮೇಲೆ ಪಿಎಫ್, ಇಎಸ್‌ಐ ಕಡಿತ ಹೇಳಿದಾಗ ಸ್ವಲ್ಪ ಮುದುಡುತ್ತದೆ. "ಅಷ್ಟೇನಾ? ಅದ್ಕೆ ಕೂಲೀನೇ ವಾಸಿ" ಎಂದವರಿದ್ದಾರೆ. ಕೂಲಿಯ ದುಡ್ಡು ಸಂಜೆಗೇ ಕೈಗೆ ಬರುತ್ತದೆ ನಿಜ. ಆದರೆ ಕೂಲಿ ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ. ಇದು ತಿಂಗಳಾದರೆ ಮೊಬೈಲಿನಲ್ಲಿ ಟಿಣ್ ಎಂದು ಬರುತ್ತದೆ. ಅದಕ್ಕೆ ಮೊದಲು ನನ್ನ ಮೊಬೈಲಿಗೆ ರೀಚಾರ್ಜ್ ಮುಗಿಯಿತು ಎಂಬುದೊಂದು ಬಿಟ್ಟು ಯಾವ ಮೆಸೇಜೂ ಬಂದದ್ದಿಲ್ಲ. ನಮ್ಮ ಮೊಬೈಲುಗಳನ್ನು ಬೆಳಿಗ್ಗೆ ಲಾಕರಿನಲ್ಲಿಟ್ಟು ಬೀಗ ಹಾಕಬೇಕು. ಸಂಬಳದ ದಿನ ಸಂಜೆ ಎಲ್ಲ ಹೆಂಗಸರೂ ಒಟ್ಟಿಗೆ ಲಾಕರು ತೆಗೆದು ಮೆಸೇಜು ನೋಡಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ ನಗುವುದನ್ನು ನೀವು ನೋಡಬೇಕು.

ಮೊದಲ ಸಂಬಳದಲ್ಲಿ ಮನೆಯವರನ್ನೆಲ್ಲ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಕೋಟೆ ಹತ್ತುವುದು ಅತ್ತೆಗೆ ಆಗದು ಎಂದು ಚಂದ್ರವಳ್ಳಿಗೆ ಹೋದೆವು. ಗುಹೆಯೊಳಗೆ ಟಾರ್ಚು ಹಿಡಿದವನು ಒಂದು ನಿಮಿಷ ಬೆಳಕು ಆರಿಸಿ, ಕತ್ತಲೆ ಹೇಗಿದೆ ನೋಡಿ ಎಂದ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರೆ ಕತ್ತಲೆಯೊಳಗಿಂದ ಅತ್ತೆಯ ದನಿ, "ಬಸ್ಸು ಪುಕ್ಕಟೆ ಅಂತ ಕತ್ತಲೆ ನೋಡಾಕೆ ಇಷ್ಟು ದೂರ ಕರ್ಕಂಡು ಬಂದ್ಯೇನೆ? ನಮ್ಮನೇಲಿ ಕರೆಂಟು ಹೋದಾಗ ನೋಡಿಲ್ವ?" ಆದರೂ ಆಚೆ ಬಂದು ನಾನು ಕೊಡಿಸಿದ ಮಸಾಲೆ ದೋಸೆ ತಿನ್ನುವಾಗ, ಪಕ್ಕದ ಟೇಬಲ್ಲಿನವರಿಗೆ ಕೇಳುವ ಹಾಗೆ, "ನಮ್ಮ ಸೊಸೆ ಕಂಪನೀಲಿ ಐದಾಳೆ" ಎಂದರು. ನಾನು ಅವರಿಗೆ ಇನ್ನೊಂದು ದೋಸೆ ಹೇಳಿದೆ.

ಎಲ್ಲಿಂದಲೋ ಎಲ್ಲಿಗೋ ಹೋದೆ. ಟೋಪಿಯ ವಿಷಯ ಹೇಳುತ್ತಿದ್ದೆ. ಆ ನೀಲಿ ಟೋಪಿ ಹೆಲ್ಪರುಗಳದ್ದು. ಆಪರೇಟರುಗಳದ್ದು ಬಿಳಿ. ಹೆಲ್ಪರ್ ಅಂದರೆ ಕಾಂಟ್ರಾಕ್ಟರಿನ ಕಡೆಯವಳು. ಮಿಷನ್ನಿನಿಂದ ಬಂದದ್ದನ್ನು ಎತ್ತಬೇಕು, ನೋಡಬೇಕು, ತುಂಬಬೇಕು, ಗುಡಿಸಬೇಕು. ಆಪರೇಟರ್ ಅಂದರೆ ಕಂಪನಿಯವನು, ಮಿಷನ್ ಓಡಿಸುತ್ತಾನೆ. ಅವನಿಗೆ ರಜೆಯುಂಟು, ದೀಪಾವಳಿಗೆ ಬೋನಸ್ಸುಂಟು. ಎರಡೂ ಸಂಬಳಗಳ ನಡುವಿನ ಅಂತರವನ್ನು ನಾನು ರೂಪಾಯಿಯಲ್ಲಿ ಹೇಳುವುದಿಲ್ಲ. ಒಂದು ಗ್ಯಾಸ್ ಸಿಲಿಂಡರು, ಒಂದು ತಿಂಗಳ ಹಾಲು, ಮಗಳ ಕಾಲೇಜಿನ ಪುಸ್ತಕ, ಇಷ್ಟೂ ಕಳೆದು ಅತ್ತೆಯ ಬಿಪಿ ಮಾತ್ರೆಗೂ ಉಳಿಯುವಷ್ಟು ಅಂತರ. ದೀಪಾವಳಿ ಕಳೆದ ಮೇಲೆ ಹೆಲ್ಪರುಗಳಲ್ಲಿ ಕೆಲವರನ್ನು ಕಂಪನಿಗೆ ತೆಗೆದುಕೊಂಡು ಮಿಷನ್ ಕಲಿಸುತ್ತಾರೆ ಎಂಬ ಸುದ್ದಿ ಬಂದಾಗಿನಿಂದ ನನಗೆ ಬಿಳಿ ಟೋಪಿಯದೇ ಧ್ಯಾನ. ಬಸ್ಸಿನಲ್ಲಿ, ಹೊಲದಲ್ಲಿ, ರೊಟ್ಟಿ ತಟ್ಟುವಾಗ, ಎಲ್ಲಾ ಕಡೆ ಅದೇ.

ನಮ್ಮ ಮಿಷನ್ ಹೇಗಿದೆ ಎಂದು ಹೇಳಿದರೆ ಮುಂದಿನದು ನಿಮಗೆ ತಿಳಿಯುತ್ತದೆ. ಮೇಲಿಂದ ಕೊಬ್ಬರಿ ಪುಡಿ ಇಳಿಯುತ್ತದೆ. ಪ್ಲಾಸ್ಟಿಕ್ಕಿನ ಸುರುಳಿ ತಾನಾಗಿಯೇ ಮಡಚಿಕೊಂಡು ಪೊಟ್ಟಣವಾಗುತ್ತದೆ. ಕಾದ ದವಡೆ ಬಂದು ಪೊಟ್ಟಣದ ಬಾಯಿ ಕಚ್ಚಿ ಮುಚ್ಚುತ್ತದೆ, ಬ್ಲೇಡು ಕತ್ತರಿಸುತ್ತದೆ, ಬೆಲ್ಟಿನ ಮೇಲೆ ಪೊಟ್ಟಣ ಸಾಗಿ ನಮ್ಮ ಮುಂದೆ ಬರುತ್ತದೆ. ಮಿಷನ್ನಿಗೆ ಗಾಜಿನಂಥ ಬಾಗಿಲು, ನಾನು ನಿಲ್ಲುವ ಕಡೆ ಒಂದು ಕಿಟಕಿಯಷ್ಟು ತೆರವು. ಮೊದಲ ದಿನ ಅದನ್ನು ನೋಡಿ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅದನ್ನು ನಡೆಸುವ ಆಪರೇಟರ್ ತಿಪ್ಪೇಸ್ವಾಮಿ, "ಅಕ್ಕ, ಮಾಸ್ಕ್ ಹಾಕ್ಕಳ್ರಿ, ಪುಡಿ ಹೋಗ್ತೈತೆ" ಅಂದರು.

ಮಿಷನ್ ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ಕಾರಣ ನಮ್ಮಪ್ಪ. ನನ್ನ ತವರು ಹೊರಕೆರೆದೇವಪುರ. ಅಲ್ಲಿ ಅಪ್ಪ ಹಿಟ್ಟಿನ ಗಿರಣಿಯಲ್ಲಿ ಆಳಾಗಿದ್ದರು. ಹೆಲ್ಪರ್ ಎಂಬ ಚಂದದ ಹೆಸರು ಆಗಿನ್ನೂ ಬಂದಿರಲಿಲ್ಲ. ರಾಗಿ ಸುರಿಯುವುದು, ಹಿಟ್ಟು ಬಾಚುವುದು, ಚೀಲ ಎತ್ತುವುದು ಅಪ್ಪನ ಕೆಲಸ. ಬೆಳಿಗ್ಗೆ ನಾನು ಅವರಿಗೆ ಬುತ್ತಿ ಕೊಡಲು ಹೋದರೆ ಗಿರಣಿಯ ತುಂಬಾ ಹಿಟ್ಟಿನ ವಾಸನೆ, ಜೇಡರ ಬಲೆಗೂ ಹಿಟ್ಟು ಮೆತ್ತಿ ಬಿಳಿ ನೂಲಿನಂತೆ ಜೋತಾಡುತ್ತಿತ್ತು. ಅಪ್ಪ ಗಿರಣಿಯ ಕಲ್ಲಿನ ಮೈಯನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಮೇಲೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಸಾಹುಕಾರರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ಸ್ಟಾರ್ಟರಿನ ಹಿಡಿ ಎಳೆಯುತ್ತಿದ್ದರು. ಆ ಹಿಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅಪ್ಪ ಅಲ್ಲಿ ದುಡಿದಷ್ಟು ಕಾಲವೂ ಮುಟ್ಟಲಿಲ್ಲ.

ಅಪ್ಪನ ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತಿದೆ. ಗಿರಣಿಯ ಬೆಲ್ಟಿಗೆ ಹೋದದ್ದು. ಮಕ್ಕಳಾದ ನಮಗೆ ಅದೊಂದು ಆಟದ ಸಾಮಾನು. ಅಪ್ಪ ಆ ಮೋಟು ಬೆರಳನ್ನು ಮೂಗಿನ ಹೊಳ್ಳೆಗೆ ಒತ್ತಿಕೊಂಡರೆ ಇಡೀ ಬೆರಳು ತಲೆಯೊಳಗೆ ಹೋದಂತೆ ಕಾಣುತ್ತಿತ್ತು. "ಮಿದುಳು ಸಿಗ್ತಿಲ್ಲ ಕಣ್ರೋ, ಇನ್ನೂ ಒಳಗೈತೆ" ಎಂದು ಕಣ್ಣು ಮೇಲೆ ಮಾಡಿ ಹುಡುಕುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಗಿರಣಿಯಲ್ಲಿ ದುಡಿಯುವವರೆಲ್ಲರ ಬೆರಳೂ ಹಾಗೇ ಇರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ.

ಹೀಗಾಗಿ ಫ್ಯಾಕ್ಟರಿಯಲ್ಲೂ ದಿನಾ ಬೆಳಿಗ್ಗೆ ನನ್ನ ಜಾಗಕ್ಕೆ ಬಂದ ಕೂಡಲೇ ಮಿಷನ್ನಿಗೆ ನಮಸ್ಕಾರ ಮಾಡುತ್ತಿದ್ದೆ. ಹೊರಗಿನ ಬಾಗಿಲನ್ನು ಮುಟ್ಟಿದರೆ ಗುಡಿಯ ಬಾಗಿಲಿಗೆ ಕೈಮುಗಿದು ವಾಪಸು ಬಂದಂತೆ ಅಲ್ಲವೇ? ಅದಕ್ಕೆ ಆ ತೆರವಿನಿಂದ ಎರಡೂ ಕೈಯನ್ನು ಒಳಗೆ ಚಾಚಿ ಅದರ ಮೈಯನ್ನೇ ಮುಟ್ಟಿ, ಕಣ್ಣು ಮುಚ್ಚಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಓಡುವ ಮಿಷನ್ನಿಗೆ ಕೈ ಹಾಕಬೇಡಿ ಎಂದು ತರಬೇತಿಯ ದಿನ ಹೇಳಿದ್ದರು. ನಾನೆಲ್ಲಿ ಕೈ ಹಾಕುತ್ತಿದ್ದೆ? ನಮಸ್ಕಾರ ಮಾಡುತ್ತಿದ್ದೆ ಅಷ್ಟೆ.

ಇನ್ನು ನಮ್ಮ ಮಿಷನ್ನಿನ ಕಾಯಿಲೆಯ ಕಥೆ. ತಿಪ್ಪೇಸ್ವಾಮಿ ನಮಗಿಂತ ಮೊದಲೇ ಬಂದು ದವಡೆ ಕಾಯಿಸಿ, ನಾವು ಜಾಗಕ್ಕೆ ಬರುವ ಹೊತ್ತಿಗೆ ಮಿಷನ್ ಓಡಿಸಿಬಿಟ್ಟಿರುತ್ತಿದ್ದರು. ಓಡಿದ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ನಿಲ್ಲುತ್ತಿತ್ತು. ಕೆಂಪು ದೀಪ ಹತ್ತುತ್ತಿತ್ತು. ಅವರು ಹಿಂದಿನಿಂದ ಓಡಿ ಬಂದು, ಸುತ್ತ ನೋಡಿ, ಗೊಣಗಿ, ಏನೋ ಒತ್ತಿ ಮತ್ತೆ ಓಡಿಸುತ್ತಿದ್ದರು. ಆಮೇಲೆ ಸಂಜೆಯವರೆಗೂ ಏನೂ ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. "ಈ ಮಿಷನ್ನಿಗೆ ಬೆಳಿಗ್ಗೆ ಎದ್ದ ಕೂಡಲೇ ತಲೆ ಸುತ್ತು ಬರ್ತೈತೆ" ಎಂದು ನಾವು ನಗುತ್ತಿದ್ದೆವು.

ತಿಪ್ಪೇಸ್ವಾಮಿಗೆ ನಗು ಬರುತ್ತಿರಲಿಲ್ಲ. ಲೈನು ನಿಂತದ್ದಕ್ಕೆಲ್ಲ ಅವರು ಮೇಲಿನವರಿಗೆ ಉತ್ತರ ಹೇಳಬೇಕಿತ್ತು. ವೈರು ನೋಡಿದರು, ಬೋಲ್ಟು ಬಿಗಿ ಮಾಡಿದರು. ದುರ್ಗದಿಂದ ಮೆಕ್ಯಾನಿಕ್ ಬಂದು ಮಧ್ಯಾಹ್ನವಿಡೀ ಮಿಷನ್ನಿನ ಮುಂದೆ ಕೂತು, ಟೀ ಕುಡಿದು, ಇದಕ್ಕೇನೂ ಆಗಿಲ್ಲ, ನಿಮ್ಮ ಕರೆಂಟು ಸರಿಯಿಲ್ಲ ಎಂದು ಹೇಳಿ ಹೋದ. ನನಗೆ ಪಾಪ ಅನ್ನಿಸಿತು. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟೋಣ್ವಾ ಎಂದು ಕೇಳಿದೆ. ತಿನ್ನುವ ಪದಾರ್ಥದ ಜಾಗದಲ್ಲಿ ಅದೆಲ್ಲ ಆಗುವುದಿಲ್ಲ ಎಂದರು. ಸರಿ, ನನ್ನ ಕೈಲಾದದ್ದು ಮಾಡೋಣ ಎಂದು ನಾನು ನಮಸ್ಕಾರದ ಹೊತ್ತನ್ನೇ ಹೆಚ್ಚಿಸಿದೆ. ಎರಡೂ ಅಂಗೈಯನ್ನು ಅದರ ಮೈಮೇಲೆ ಊರಿ, ಕಣ್ಣು ಗಟ್ಟಿಯಾಗಿ ಮುಚ್ಚಿ, 'ಇವತ್ತೊಂದಿನ ನಿಲ್ಲಬೇಡಪ್ಪ' ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನೂರು ಮಿಷನ್ನುಗಳ ಗದ್ದಲ, ಕಿವಿಯಲ್ಲಿ ಹತ್ತಿಯಂಥ ಬೆಣೆ ಬೇರೆ. ಕಣ್ಣು ಬಿಡುವ ಹೊತ್ತಿಗೆ ತಿಪ್ಪೇಸ್ವಾಮಿ ಕೆಂಪು ದೀಪದ ಕೆಳಗೆ ಗೊಣಗುತ್ತಾ ನಿಂತಿರುತ್ತಿದ್ದರು. ನನ್ನ ಬೇಡಿಕೆ ಇನ್ನೂ ಸಾಲದು ಎಂದು ಮರುದಿನ ಇನ್ನಷ್ಟು ಬೇಡಿಕೊಳ್ಳುತ್ತಿದ್ದೆ.

ನಗಬೇಡಿ. ಮುಂದಿನದು ನಗುವ ವಿಷಯವಲ್ಲ.

ನಾದಿನಿಯ ಮನೆಯ ಗೃಹಪ್ರವೇಶಕ್ಕೆಂದು ನಾನು ರಜೆ ಹಾಕಿದೆ. ವಾಪಸು ಬಂದ ದಿನ ಬಸ್ಸಿನಲ್ಲಿ ಎಲ್ಲರೂ ಒಂಥರಾ ಇದ್ದರು. ಯಾವಾಗಲೂ ಅರಳು ಹುರಿದಂತೆ ಮಾತಾಡುವ ಲಕ್ಷ್ಮೀದೇವಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೇಳಿ ಕೇಳಿ ಸಾಕಾದ ಮೇಲೆ ಬಾಯಿ ಬಿಟ್ಟಳು.

"ನೀನಿಲ್ದಿರಾಗ ಮಿಷನ್ ನಿಲ್ಲಲಿಲ್ಲ ಕಣಕ್ಕ."

"ಒಳ್ಳೇದಾಯ್ತಲ್ಲ."

"ಒಳ್ಳೇದೇ. ಆದ್ರೆ ಎಲ್ರೂ ಏನೇನೋ ಅಂತಾವ್ರೆ. ನಿನ್ನ ಕಾಲ್ಗುಣ ಅಂತ. ನಾನು ಅಂದಿಲ್ಲ ಮತ್ತೆ."

ಕಾಲ್ಗುಣ ಎಂಬುದು ಒಮ್ಮೆ ಹೆಣ್ಣಿನ ಮೈಗೆ ಅಂಟಿದರೆ ಬಿಡಿಸುವುದು ಕಷ್ಟ. ಮದುವೆಯಾಗಿ ಬಂದ ವರ್ಷ ನಮ್ಮ ಎಮ್ಮೆ ಸತ್ತಾಗ ಒಂದು ಸಲ ಅದನ್ನು ಕೇಳಿಸಿಕೊಂಡಿದ್ದೆ. ಆಗ ಪಕ್ಕ ನಿಂತು ಮಾತಾಡಿದ್ದವರು, ಬೇರೆ ಯಾರೂ ಅಲ್ಲ, ನಮ್ಮತ್ತೆ. "ಎಮ್ಮೆಗೆ ವಯಸ್ಸಾಗಿತ್ತು, ಸತ್ತೈತೆ" ಎಂದು ಬಾಯಿ ಮುಚ್ಚಿಸಿದ್ದರು. ಇಲ್ಲಿ ನನ್ನ ಪರವಾಗಿ ಮಾತಾಡುವವರು ಯಾರು? ಕಂಪನಿಗೆ ತೆಗೆದುಕೊಳ್ಳುವವರ ಹೆಸರು ಆ ವಾರವೇ ಬರುವುದಿತ್ತು. ನಾನು ಕಾಲಿಟ್ಟರೆ ನಿಲ್ಲುವ ಮಿಷನ್ನನ್ನು ನನ್ನ ಕೈಗೆ ಯಾರು ಕೊಡುತ್ತಾರೆ? ಬಿಳಿ ಟೋಪಿ ಕಣ್ಣೆದುರೇ ಹಾರಿಹೋದಂತಾಯಿತು.

ಅವತ್ತು ಜಾಗಕ್ಕೆ ಬಂದಾಗ ಎಂದಿಗಿಂತ ಭಕ್ತಿಯಿಂದ ಕೈ ಚಾಚಿದೆ. ಉಗುರಿನ ತುದಿಯಿಂದ ಮೊಣಕೈವರೆಗೂ ಒಳಗಿಟ್ಟು ಬೇಡಿಕೊಂಡೆ. ಕಣ್ಣು ಬಿಟ್ಟರೆ ಎದುರಿಗೆ ನಮ್ಮ ಸೂಪರ್‌ವೈಸರ್ ಅಶ್ವಿನಿ ಮೇಡಂ ನಿಂತಿದ್ದರು. ಹಿರಿಯೂರಿನ ಕಡೆಯ ಹುಡುಗಿ, ಡಿಪ್ಲೊಮಾ ಓದಿಕೊಂಡು ಬಂದವರು, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಕಾಲ್ಗುಣದ ಮಾತು ಅವರ ಕಿವಿಗೂ ಬಿದ್ದು, ಅದೇನೆಂದು ನೋಡಿಯೇ ಬಿಡೋಣ ಎಂದು ಶಿಫ್ಟು ಶುರುವಾಗುವ ಮೊದಲೇ ಬಂದು ನಿಂತಿದ್ದರಂತೆ. ಪಕ್ಕದಲ್ಲಿ ತಿಪ್ಪೇಸ್ವಾಮಿ. ಮೇಲೆ ಕೆಂಪು ದೀಪ.

ತಿಪ್ಪೇಸ್ವಾಮಿ ಮಿಷನ್ನನ್ನು ಮತ್ತೆ ಓಡಿಸಿದರು. ಮೇಡಂ ನನ್ನ ಹತ್ತಿರ ಬಂದು, "ಅಕ್ಕ, ಈಗ ಮಾಡಿದ್ರಲ್ಲ, ಅದನ್ನೇ ಇನ್ನೊಂದ್ಸಲ ಮಾಡ್ರಿ" ಅಂದರು.

"ನಮಸ್ಕಾರನಾ ಮೇಡಂ?"

"ಹ್ಞೂಂ. ಆದ್ರೆ ಕಣ್ಣು ಬಿಟ್ಕಂಡು ಮಾಡ್ರಿ."

ಕಣ್ಣು ಬಿಟ್ಟುಕೊಂಡು ಕೈ ಚಾಚಿದೆ. ಬೆರಳು ಆ ತೆರವನ್ನು ದಾಟಿತೋ ಇಲ್ಲವೋ, ದವಡೆ ಕಚ್ಚಲು ಬಂದದ್ದು ಅಲ್ಲಿಯೇ ನಿಂತಿತು. ಬೆಲ್ಟು ನಿಂತಿತು. ಪೊಟ್ಟಣವೊಂದು ಅರ್ಧ ದಾರಿಯಲ್ಲಿ ತೂಗಾಡುತ್ತಾ ನಿಂತಿತು. ಕೆಂಪು ದೀಪ ಹತ್ತಿತು. ನಾನು ಕೈ ಹಿಂದಕ್ಕೆ ತೆಗೆದೆ. ಮತ್ತೆ ಚಾಚಬೇಕೆನ್ನಿಸಿತು, ಧೈರ್ಯ ಸಾಲಲಿಲ್ಲ.

ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಕ್ಷ್ಮೀದೇವಿಯಂತೂ ಬಾಕ್ಸುಗಳ ಮೇಲೇ ಕೂತುಬಿಟ್ಟಳು. ತಿಪ್ಪೇಸ್ವಾಮಿ ಮಾತ್ರ ಹಣೆ ಚಚ್ಚಿಕೊಂಡು, "ಮೆಕ್ಯಾನಿಕ್ಕಿಗೆ ಕೊಟ್ಟ ದುಡ್ಡು ಹೋಯ್ತಲ್ಲಕ್ಕ" ಅಂದರು. ನನ್ನ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಮೇಡಂ ತೆರವಿನ ಎರಡೂ ಬದಿಯ ಸಣ್ಣ ಕಂಬಗಳನ್ನು ತೋರಿಸಿದರು. ಅವುಗಳಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳಿದ್ದವು. ಕುಂಕುಮವೆಂದು ಅಲ್ಲದಿದ್ದರೂ ಅಂದಕ್ಕಿಟ್ಟ ಬಣ್ಣವೆಂದು ನಾನು ತಿಳಿದಿದ್ದೆ.

"ಇವು ಮಿಷನ್ನಿನ ಕಣ್ಣು ಅಕ್ಕ. ಯಾರ್ದಾದ್ರೂ ಕೈ ಕಂಡ್ರೆ ನಿಂತುಬಿಡ್ತೈತೆ. ಕೈ ಹೋಗ್ಬಾರ್ದು ಅಂತಾನೇ ಹಂಗೆ ಮಾಡಿರಾದು. ಇದು ಕೆಟ್ಟಿರ್ಲಿಲ್ಲ, ಚೆನ್ನಾಗೇ ಇತ್ತು."

ಎಲ್ಲರೂ ನಗುತ್ತಲೇ ಇದ್ದರು. ನನಗೆ ಅವರ ನಗು ಕೇಳಿಸುತ್ತಿರಲಿಲ್ಲ. ಅಪ್ಪನ ಬೆರಳು ನೆನಪಾಗಿತ್ತು. ಅದನ್ನು ತೆಗೆದುಕೊಂಡ ಬೆಲ್ಟು ನಿಂತಿರಲಿಲ್ಲ. ಆ ದಿನದ ರಾಗಿ ಪೂರ್ತಿ ಬೀಸಿದ ಮೇಲೆಯೇ ಗಿರಣಿ ನಿಂತದ್ದು ಎಂದು ಅವ್ವ ಹೇಳುತ್ತಿದ್ದಳು. ಇಲ್ಲಿ ಇಷ್ಟು ದೊಡ್ಡ ಮಿಷನ್, ಕೋಣೆಯಷ್ಟು ದೊಡ್ಡದು, ಒಬ್ಬ ಹೆಲ್ಪರಿನ ಕೈ ಕಂಡು ದಿನಾ ನಿಂತಿದೆ. ನಾನು ಬೇಡಿಕೊಂಡಾಗಲೆಲ್ಲ ನಿಂತಿದೆ. ನಾಚಿಕೆ ಎಲ್ಲೋ ಹೋಗಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೆಸರು ಬರದಿದ್ದರೆ ಬೇಡ, ಇದೊಂದು ತಿಳಿಯಿತಲ್ಲ ಎಂದುಕೊಂಡೆ. ಸುಳ್ಳು ಯಾಕೆ, ಅರ್ಧ ಗಂಟೆಯ ಮೇಲೆ ಹೆಸರು ಬರಲೇಬೇಕು ಎಂದೇ ಅನ್ನಿಸಿತು.

ಮರುದಿನ ನಮಸ್ಕಾರ ಮಾಡಲಿಲ್ಲ. ಮಿಷನ್ನೂ ನಿಲ್ಲಲಿಲ್ಲ. ಆದರೆ ನನಗೆ ಇಡೀ ದಿನ ಹಲ್ಲುಜ್ಜದೆ ಬಂದಂತಾಗಿತ್ತು. ಮುಖ ಬಾಡಿಸಿಕೊಂಡೇ ಬಾಕ್ಸು ತುಂಬಿದೆ. ತಿಪ್ಪೇಸ್ವಾಮಿ ಎರಡು ಸಲ ಬಂದು ನೋಡಿ ಹೋದರು.

ಅದರ ಮಾರನೆಯ ಬೆಳಿಗ್ಗೆ ಹೋದರೆ ನಮ್ಮ ಮಿಷನ್ ಸುಮ್ಮನೆ ನಿಂತಿತ್ತು. ದವಡೆ ಕಾದಿತ್ತು, ಸುರುಳಿ ಹಾಕಿತ್ತು, ಓಡುತ್ತಿರಲಿಲ್ಲ. ತಿಪ್ಪೇಸ್ವಾಮಿ ಕೈಕಟ್ಟಿಕೊಂಡು ಪಕ್ಕದಲ್ಲಿದ್ದರು.

"ಏನಾಯ್ತಣ್ಣ? ನಾನಿನ್ನೂ ಮುಟ್ಟಿಲ್ಲ" ಅಂದೆ ಗಾಬರಿಯಿಂದ.

"ಗೊತ್ತೈತೆ. ಚಾಲೂ ಮಾಡಿಲ್ಲ. ನಿಮ್ದು ಮುಗಿಸ್ಕಳ್ರಿ, ಆಮ್ಯಾಲೆ ಮಾಡಾಣ."

ಅಷ್ಟೇ ಹೇಳಿ ಬೇರೆ ಕಡೆ ನೋಡುತ್ತಾ ನಿಂತರು. ನಾನು ನಮಸ್ಕಾರ ಮಾಡಿದೆ. ಹಿಂದೆಯೇ ಲಕ್ಷ್ಮೀದೇವಿ ಬಂದು ಮುಟ್ಟಿದಳು. ಅವಳ ಹಿಂದೆ ಬಾಕ್ಸಿಗೆ ಟೇಪು ಹಚ್ಚುವವರು, ಅವರ ಹಿಂದೆ ಗುಡಿಸುವ ಅಜ್ಜಿ. ಇಷ್ಟು ದಿನ ಎಲ್ಲರಿಗೂ ಮನಸ್ಸಿತ್ತಂತೆ, ಯಾರು ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದರಂತೆ. "ನೀವು ಮಾಡಲ್ವೇನಣ್ಣ?" ಎಂದು ತಿಪ್ಪೇಸ್ವಾಮಿಯನ್ನು ಕೇಳಿದೆ. ಅವರು ದನಿ ಇಳಿಸಿ, "ನಂದು ನೀವ್ಯಾರೂ ಬರಾಕೆ ಮುಂಚೇನೇ ಆಗಿರ್ತೈತೆ" ಅಂದರು.

ದೂರದಿಂದ ನೋಡುತ್ತಿದ್ದ ಅಶ್ವಿನಿ ಮೇಡಂ ಬಂದು ಎಲ್ಲರಿಗೂ ಒಂದು ನಿಯಮ ಹೇಳಿದರು. ಇನ್ನು ಮೇಲೆ ಬೆಳಿಗ್ಗೆ ಎಲ್ಲರೂ ಜಾಗಕ್ಕೆ ಬಂದು, ಎಲ್ಲರ ಕೈಯೂ ಹೊರಗಿದೆ ಎಂದು ಒಬ್ಬರು ಸುತ್ತಲೂ ನೋಡಿದ ಮೇಲೆಯೇ ಮಿಷನ್ ಚಾಲೂ ಆಗಬೇಕು. ಓಡುವ ಮಿಷನ್ನಿಗೆ ನಮಸ್ಕಾರವೂ ಇಲ್ಲ, ಏನೂ ಇಲ್ಲ. "ನೋಡಾದು ಯಾರು ಮೇಡಂ?" ಎಂದು ತಿಪ್ಪೇಸ್ವಾಮಿ ಕೇಳಿದರು. ಮೇಡಂ ನನ್ನ ಕಡೆ ನೋಡಿ ನಕ್ಕರು. "ಕೈ ಒಳಗೆ ಹೋದ್ರೆ ಏನಾಗ್ತೈತೆ ಅಂತ ಪಾರ್ವತಕ್ಕಂಗೆ ಗೊತ್ತಾದಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವ್ರೇ ನೋಡ್ಲಿ, ಅವ್ರೇ ಚಾಲೂ ಮಾಡ್ಲಿ. ಹೆಂಗೂ ಸೋಮವಾರದಿಂದ ಕಲೀಬೇಕಲ್ಲ."

ಸೋಮವಾರದಿಂದ ಕಲಿಯಬೇಕಲ್ಲ ಎಂಬುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಮೇಲೆ ನಾನು ಮೇಡಮ್ಮನ ಎರಡೂ ಕೈ ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ. ಲಕ್ಷ್ಮೀದೇವಿ ಹೇಳುವ ಪ್ರಕಾರ ನಾನು ಜಿಲ್ಲೆಯ ತಾಲ್ಲೂಕುಗಳ ಹೆಸರು ಹೇಳಿದೆನಂತೆ. ಅವಳ ಮಾತು ನಂಬಬೇಡಿ.

ಹಸಿರು ಗುಂಡಿ ಅಂಗೈ ಮಧ್ಯಕ್ಕೆ ಸರಿಯಾಗಿ ಕೂರುವಷ್ಟು ದಪ್ಪಗಿದೆ. ಸುತ್ತಲೂ ನೋಡಿದೆ. ಲಕ್ಷ್ಮೀದೇವಿಯ ಕೈ ಹೊರಗಿತ್ತು, ಟೇಪಿನವರ ಕೈ ಹೊರಗಿತ್ತು, ಅಜ್ಜಿಯ ಕೈ ಪೊರಕೆಯ ಮೇಲಿತ್ತು. ಒತ್ತಿದೆ. ದವಡೆ ಕಚ್ಚಿತು, ಬೆಲ್ಟು ಹೊರಟಿತು, ಪೊಟ್ಟಣಗಳು ಒಂದರ ಹಿಂದೊಂದು ನಡೆದು ಬಂದವು.

ಸಂಜೆ ಲಾಕರಿನಿಂದ ಮೊಬೈಲು ತೆಗೆದವಳೇ ಬಸ್ಸಿನಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ. ಬಸ್ಸಿನವರೆಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.

"ಅಪ್ಪಾ, ನನ್ನ ಕಂಪನಿಗೆ ತಗಂಡ್ರು. ಇವತ್ತು ಮಿಷನ್ ನಾನೇ ಚಾಲೂ ಮಾಡ್ದೆ."

"ನೀನೇನಾ? ಸಾಹುಕಾರ್ರು ಇರ್ಲಿಲ್ವ?"

"ಅವ್ರು ಯಾರೂ ಬರಲ್ಲಪ್ಪ. ನಾನೇ ಒತ್ತಿದ್ದು."

ಅಪ್ಪ, "ಮೊದ್ಲು ಮುಟ್ಟಿ ಕಣ್ಗೊತ್ಕಂಡೆ ತಾನೆ?" ಅಂದರು.

ನಾನು ಎಲ್ಲವನ್ನೂ ಹೇಳಿದೆ. ದಿನಾ ನಿಂತದ್ದು, ಕಾಲ್ಗುಣ ಅಂದದ್ದು, ಕೆಂಪು ಚುಕ್ಕೆಯ ಕಣ್ಣು, ಕೈ ಕಂಡರೆ ನಿಲ್ಲುವುದು. ಅಪ್ಪ ನಗುತ್ತಾರೆಂದು ಕಾದೆ. ನಗಲಿಲ್ಲ.

"ಕೈ ಕಂಡ್ರೆ ನಿಲ್ತೈತಾ?"

"ನಿಲ್ತೈತಪ್ಪ."

"ಯಾರ ಕೈ ಆದ್ರೂ? ಆಳಿನ ಕೈ ಆದ್ರೂ?"

"ಯಾರ ಕೈ ಆದ್ರೂ."

ಬಸ್ಸು ರಾಮಗಿರಿಯ ತಿರುವಿನಲ್ಲಿ ಹಾರ್ನ್ ಹೊಡೆಯಿತು. ಅಪ್ಪ ಏನೋ ಹೇಳಿದ್ದು ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಅಂದೆ.

"ನಾಳೆ ಹೋದಾಗ, ಅದ್ಕೆ ನಂದೂ ಒಂದು ನಮಸ್ಕಾರ ಮಾಡವ್ವ" ಅಂದರು.

ಮರುದಿನ ಬೆಳಿಗ್ಗೆ ನಾನು ಎರಡು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಿಪ್ಪೇಸ್ವಾಮಿ ಯಾಕೆಂದು ಕೇಳಲಿಲ್ಲ, ಕಾದರು. ಆಮೇಲೆ ಸುತ್ತಲೂ ಒಂದು ಸಲ ಎಲ್ಲರ ಕೈ ನೋಡಿ, ಹಸಿರು ಗುಂಡಿ ಒತ್ತಿದೆ.